ತೊಡೆಯ ಮೇಲಿನ ಗಿಟಾರ್

ನನ್ನ ಮೊಮ್ಮಗಳು ಗಿಟಾರ್ ಬಾರಿಸಿದರೆ ನಮ್ಮೂರು ಕಮಲಾಪುರಕ್ಕೆಲ್ಲ ಕೂಗಿ ಹೇಳಬೇಕೆನ್ನಿಸುತ್ತದೆ. ಆದರೆ ಎಲ್ಲರಿಗಿಂತ ಮೊದಲು ಅದನ್ನು ಕೇಳಬೇಕಾಗಿದ್ದವರು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ವಾದ್ಯದಂಗಡಿಯ ಚಾಚಾ.

ಗಿರಾಕಿ ಯಾರೇ ಬಂದರೂ ಅವರದು ಒಂದೇ ಮಾತು: “ಮೊದ್ಲ ತೊಡಿ ಮ್ಯಾಲ ಕೂಡಿಸಿ ನೋಡ್ರಿ.” ಕೊಳ್ಳಲು ಹೋದ ದಿನ ಮೊಮ್ಮಗಳು ಮಿರುಗುವ ದೊಡ್ಡ ಗಿಟಾರಿಗೆ ಆಸೆಪಟ್ಟಳು. ತೊಡೆಯ ಮೇಲಿಟ್ಟುಕೊಂಡರೆ ಅದರ ಹಿಂದೆ ಅವಳೇ ಕಾಣಲಿಲ್ಲ.

“ಬೇಟಿ, ನೀ ಅದಕ್ಕ ಎತ್ಕೊಂಡೀಯೋ, ಅದು ನಿನಗ ಎತ್ಕೊಂಡದೋ?” ಎಂದು ನಕ್ಕು, ಒಳಗಿನಿಂದ ಬಣ್ಣ ಮಾಸಿದ, ಸಣ್ಣ ಹೊಟ್ಟೆಯ ಹಳೆಯ ಗಿಟಾರೊಂದನ್ನು ತಂದರು. ಅದು ಅವಳ ತೊಡೆಯ ಮೇಲೆ ಕೂಸಿನಂತೆ ಕೂತಿತು. ನಮ್ಮ ಕೈಗೆಟುಕುವ ಬೆಲೆಯನ್ನೇ ಹೇಳಿ, “ಕಲ್ತ ಮ್ಯಾಲ ನನಗೊಮ್ಮಿ ಕೇಳಸಬೇಕು ನೋಡು,” ಎಂದರು.

ಅವಳು ಕಲಿತಳು. ಚಾಚಾಗೆಂದು ನಮ್ಮೂರ ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಬಸ್ಸು ಹತ್ತಿ ಹೋದೆವು.

“ಅಬ್ಬಾಗ ಈಗ ಏನೂ ಕೇಳಸಂಗಿಲ್ರಿ ಅಮ್ಮಾ. ಕಿವಿ ಪೂರಾ ಹೋಗ್ಯಾವ,” ಎಂದ ಅಂಗಡಿಯಲ್ಲಿದ್ದ ಅವರ ಮಗ.

ಒಳಗೆ ಕೂತಿದ್ದ ಚಾಚಾ ಗಿಟಾರನ್ನು ಕಂಡು ಎರಡೂ ಕೈ ಮುಂದೆ ಮಾಡಿದರು. “ನನ್ನ ತೊಡಿ ಮ್ಯಾಲ ಕೂಡಸು, ಬೇಟಿ.”

ಅವಳು ಪಕ್ಕದಲ್ಲಿ ಕೂತು, ಬಾಗಿ ಬಾರಿಸಿದಳು. ತಂತಿ ಮೀಟಿದಾಗಲೆಲ್ಲ ಗಿಟಾರಿನ ಬೆನ್ನು ಅವರ ಅಂಗೈಯಡಿ ಅದುರಿತು. ಹಾಡು ಮುಗಿದ ಮೇಲೂ ಅವರು ಅದರ ಬೆನ್ನಿಗಿಟ್ಟ ಅಂಗೈ ತೆಗೆಯಲಿಲ್ಲ.