ಅತ್ತಿಗೆ ಸಾಕಿದ ಕಣ್ಣಿಲ್ಲದವರು

ನನ್ನ ಅತ್ತಿಗೆ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಹುಳ ಸಾಕುತ್ತಾಳೆ. ಯಾರಾದರೂ ಕೇಳಿದರೆ ಅಣ್ಣ "ಆಫೀಸ್ ಕೆಲಸ" ಎಂದು ಮಾತು ತೇಲಿಸಿಬಿಡುತ್ತಾನೆ. ನಾನು ಬಿಡುವವಳಲ್ಲ. ನಾದಿನಿ ಎಂದಮೇಲೆ ಅತ್ತಿಗೆಯನ್ನು ಆಡಿಕೊಳ್ಳುವುದು ನನ್ನ ಹಕ್ಕು.

ಹುಳದ ಹೆಸರು ಸ್ಪ್ರಿಂಗ್‌ಟೇಲ್. ಸಾಸಿವೆ ಕಾಳೂ ಅದರ ಮುಂದೆ ದೊಡ್ಡದೇ. ಮೈ ಬೆಳ್ಳಗೆ, ಹೊಟ್ಟೆಯಡಿ ಮಡಚಿಟ್ಟ ಕವಲುಬಾಲ. ಮುಟ್ಟಿದರೆ ಬಾಲ ಚಿಮ್ಮಿಸಿ ನೆಗೆಯುತ್ತದೆ. ಅನುಮಾನದ ಮಣ್ಣಿಗೆ ಇವನ್ನು ಬಿಟ್ಟು, ಮರಿ ಮಾಡಿದರೆ ಮಣ್ಣಿನಲ್ಲಿ ವಿಷವಿಲ್ಲ ಎಂದುಕೊಳ್ಳುತ್ತಾರೆ. ಅತ್ತಿಗೆ ಕೆಲಸಕ್ಕೆ ಸೇರಿದಂದಿನಿಂದ ಒಂದೇ ವಂಶವನ್ನು ಡಬ್ಬಿಗಳಲ್ಲಿ ಬೆಳೆಸುತ್ತ ಬಂದಿದ್ದಾಳೆ. ತನ್ನ ಮದುವೆಯ ಮಾರನೇ ದಿನವೂ ಅವುಗಳಿಗೆ ಊಟ ಹಾಕಲು ಹೋದ ಪುಣ್ಯಾತ್ಗಿತ್ತಿ.

ಒಂದು ಬೆಳಿಗ್ಗೆ ಅಮ್ಮ ಅಡುಗೆಮನೆಯ ಕಿಟಕಿಯಿಂದ ಅತ್ತಿಗೆಯನ್ನು ಕರೆದಳು. "ನಿನ್ನ ಮಕ್ಕಳು ನನ್ನ ಹೂಕುಂಡಕ್ಕೂ ಬಂದಿದ್ದಾರೆ ನೋಡು."

ಅತ್ತಿಗೆ ತುರುಬಿಗೆ ಸಿಕ್ಕಿಸಿದ್ದ, ಲ್ಯಾಬಿನಲ್ಲಿ ಹುಳ ಎತ್ತುವ ಸಣ್ಣ ಬ್ರಷ್ ತೆಗೆದು, ಒದ್ದೆ ಮಾಡಿದ ತುದಿಯಲ್ಲಿ ಒಂದನ್ನು ಎತ್ತಿ, ಭೂತಗನ್ನಡಿ ಹಿಡಿದಳು. "ಇವು ನನ್ನವಲ್ಲ ಅತ್ತೆ. ತಲೆ ಮೇಲೆ ಕಪ್ಪು ಚುಕ್ಕೆ ಕಾಣ್ತಾ? ಅದು ಕಣ್ಣು. ನನ್ನವಕ್ಕೆ ಕಣ್ಣೇ ಇಲ್ಲ." ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಪಾಠ ಹೇಳಿ, ಬ್ರಷ್ಷನ್ನು ತೊಳೆಯದೆ ತುರುಬಿಗೇ ಸಿಕ್ಕಿಸಿಕೊಂಡು ಬಸ್ಸಿಗೆ ಓಡಿದಳು. ಲ್ಯಾಬಿನಲ್ಲಿ ಅದೇ ಬ್ರಷ್ ಎಲ್ಲ ಡಬ್ಬಿಗಳಲ್ಲೂ ಆಡಿತು.

ಕೆಲವು ವಾರಗಳಲ್ಲಿ ಪ್ರತಿ ಡಬ್ಬಿಯಲ್ಲೂ ಕಣ್ಣಿದ್ದವು ಸೇರಿಕೊಂಡಿದ್ದವು. ಕಳ್ಳನನ್ನು ತಲೆಯ ಮೇಲೆ ಹೊತ್ತು ತಂದವಳು ತಾನೇ ಎಂದು ಅತ್ತಿಗೆ ಒಪ್ಪಿಕೊಂಡಳು. ಮೇಲಧಿಕಾರಿ ಬೈಯಲಿಲ್ಲ. "ಶನಿವಾರದೊಳಗೆ ಶುದ್ಧವಾದದ್ದು ಸಿಕ್ಕರೆ ಇಟ್ಕೊಳ್ಳಿ. ಇಲ್ಲಾಂದ್ರೆ ಎಲ್ಲ ಎಸೆದು ಬೇರೆ ಕಡೆಯಿಂದ ತರಿಸೋಣ," ಎಂದರು.

ಆ ವಾರ ಅತ್ತಿಗೆ ಊಟದ ತಟ್ಟೆಯ ಮುಂದೆಯೂ ಮಂಕಾಗಿದ್ದಳು. ನಾನೂ ತಮಾಷೆ ನಿಲ್ಲಿಸಿದೆ. ಮರಿಗಳಲ್ಲಿ ಚುಕ್ಕೆ ಮಸುಕು, ನಂಬುವಂತಿಲ್ಲ. ಬೆಳೆದವು ಮೈಕ್ರೋಸ್ಕೋಪಿನ ಕೆಳಗೆ ನಿಲ್ಲುವುದಿಲ್ಲ, ನೆಗೆದು ಮಾಯ.

"ಒಂದು ಜೋಡಿ ಸಿಕ್ಕರೆ ಸಾಕಲ್ವೇನೇ?" ಅಮ್ಮ ಕೇಳಿದಳು.

"ಜೋಡಿ ಬೇಡ ಅತ್ತೆ. ಈ ಜಾತೀಲಿ ಗಂಡಿನ ಹಂಗೇ ಇಲ್ಲ. ಒಬ್ಬಳೇ ಮೊಟ್ಟೆ ಇಡ್ತಾಳೆ, ಒಬ್ಬಳಿಂದಲೇ ವಂಶ."

ಅಮ್ಮ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ಅಪ್ಪ ಹೋದಮೇಲೆ ಹೊಲಿಗೆ ಯಂತ್ರ ತುಳಿದು ನಮ್ಮಿಬ್ಬರನ್ನು ದಡ ಮುಟ್ಟಿಸಿದವಳು ಅವಳು. "ಹಾಗಾದ್ರೆ ಒಬ್ಬಳನ್ನ ಹುಡುಕು. ಸಿಕ್ತಾಳೆ," ಎಂದಳು.

ಶನಿವಾರ ಮಧ್ಯಾಹ್ನ ಸಿಕ್ಕಳು. ಬೆಳೆದವಳು, ಹೊರಳಿಸಿ ಹೊರಳಿಸಿ ನೋಡಿದರೂ ತಲೆಯಲ್ಲಿ ಚುಕ್ಕೆಯಿಲ್ಲ. ಹೊಸ ಡಬ್ಬಿಯಲ್ಲಿ ಒಂಟಿಯಾಗಿ ಬಿಟ್ಟು, ಉಳಿದದ್ದನ್ನೆಲ್ಲ ಅತ್ತಿಗೆ ತನ್ನ ಕೈಯಾರೆ ಬಿಸಾಡಿದಳು. ಕೆಲವು ದಿನಗಳಲ್ಲಿ ಮೊಟ್ಟೆ ಕಂಡಿತು. ಮರಿಗಳು ಬೆಳೆಯುವವರೆಗೂ ಅವಳು ದಿನಾ ಒಂದೊಂದರ ತಲೆಯನ್ನೂ ನೋಡಿದಳು. ಯಾವುದಕ್ಕೂ ಕಣ್ಣು ಮೂಡಲಿಲ್ಲ. ಅಣ್ಣನಿಗೂ ಹೇಳದೆ ಮೊದಲು ಅಮ್ಮನಿಗೆ ಫೋನ್ ಮಾಡಿದಳು.

"ಅತ್ತೆ, ಎಲ್ಲ ನಮ್ಮವೇ. ಡಬ್ಬಿ ತುಂಬ ಮಕ್ಕಳು."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಮಕ್ಕಳಿಗೆ ಆಮೇಲೆ ಹಾಕುವಿಯಂತೆ. ಇವತ್ತೊಂದು ದಿನ ಅವರಮ್ಮನಿಗೆ ಮೊದಲು ಊಟ ಹಾಕು."