ಬೀಜವಿಲ್ಲದ ದ್ರಾಕ್ಷಿಯ ಸವಾಲು

ರೇಣುಕಾ ಕುಂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಬೆಳಿಗ್ಗೆ ತಿಕೋಟಾದ ಕಾಲೇಜಿನಲ್ಲಿ ಬಿ.ಎ. ಹುಡುಗರಿಗೆ ಕನ್ನಡ ಪಾಠ, ಮಧ್ಯಾಹ್ನ ಬಬಲೇಶ್ವರದ ಕಾಲೇಜಿನಲ್ಲಿ ಮತ್ತೆ ಅದೇ ಪಾಠ, ಸಂಜೆ ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯ ಬಾಡಿಗೆ ಮನೆ. ಪಾಠ ಹೇಳುವಾಗಲೂ ಬೋರ್ಡಿನ ಹತ್ತಿರ ನಿಲ್ಲದೆ ಬೆಂಚುಗಳ ನಡುವೆ ಓಡಾಡುತ್ತಿದ್ದಳು. ಮೇಡಮ್ಮರನ್ನು ನೋಡಿ ನೋಡಿ ಕುತ್ತಿಗೆ ಹಿಡಿಯುತ್ತದೆ ಎಂದು ಹುಡುಗಿಯರು ಹಿಂದಿನಿಂದ ನಗುತ್ತಿದ್ದರು. ಹೆಸರಿಗೆ ಅತಿಥಿ ಉಪನ್ಯಾಸಕಿ. ಮನೆಗೆ ಬಂದ ಅತಿಥಿಗೆ ನಾವು ಒಂದು ಕಪ್ ಚಹಾ ಆದರೂ ಕೊಡುತ್ತೇವೆ. ಹತ್ತು ವರ್ಷ ಅತಿಥಿಯಾಗಿದ್ದ ಇವಳಿಗೆ ಎರಡು ಕಾಲೇಜಿನಲ್ಲಿ ಎಲ್ಲಿಯೂ ತನ್ನದು ಎನ್ನುವ ಕುರ್ಚಿ ಇರಲಿಲ್ಲ. ಕೂರು ಎಂದರೆ ಎಲ್ಲಿ ಕೂತಾಳು?

ಈ ವರ್ಷ ಅದರ ಮೇಲೊಂದು ಚಿಂತೆ ಹತ್ತಿತ್ತು. ಪಿಎಚ್.ಡಿ. ಇಲ್ಲದವರನ್ನು ಮುಂದಿನ ವರ್ಷದಿಂದ ಪಾಠಕ್ಕೆ ಕರೆಯುವುದಿಲ್ಲ ಎಂಬ ಮಾತು ಎಲ್ಲ ಕಾಲೇಜುಗಳಲ್ಲಿ ಹಬ್ಬಿತ್ತು. ರೇಣುಕಾಳ ಮಹಾಪ್ರಬಂಧ ಬರೆದು ಮುಗಿದಿತ್ತು. ವಿಶ್ವವಿದ್ಯಾಲಯದಲ್ಲಿ ಎಲ್ಲರೆದುರು ನಡೆಯುವ ವೈವಾ ಒಂದೇ ಬಾಕಿ. ಅದು ದಾಟಿದರೆ ಕೆಲಸ ಉಳಿಯಿತು, ಇಲ್ಲದಿದ್ದರೆ ತಮ್ಮ ಮಾಳುವಿನ ದ್ರಾಕ್ಷಿ ಪಡದಲ್ಲಿ ಗೊನೆ ಕತ್ತರಿಸಬೇಕು. ಅದೇನು ಕೀಳು ಕೆಲಸವಲ್ಲ. ಆದರೆ ಪಾಠ ಹೇಳದೆ ಒಂದು ವಾರ ಇದ್ದರೆ ಅವಳಿಗೆ ಜ್ವರ ಬಂದಂತಾಗುತ್ತಿತ್ತು.

ವೈವಾದ ದಿನ ಗೊತ್ತಾದಾಗ ಹಿಗ್ಗಬೇಕಾದವಳು ನಿದ್ದೆಗೆಟ್ಟಳು. ಅದಕ್ಕೆ ಕಾರಣ ಪರೀಕ್ಷಕರಲ್ಲ, ಅವಳ ಅಪ್ಪ ಸಿದ್ದರಾಯ.

ಸಿದ್ದರಾಯ ತಿಕೋಟಾದವನು. ಹುಡುಗನಿದ್ದಾಗ ಕುರಿ ಕಾಯ್ದವನು, ಆಮೇಲೆ ಹರದೇಶಿ ಹಾಡಿನಲ್ಲಿ ಹೆಸರಾದವನು. ನಮ್ಮ ಕಡೆ ಹರದೇಶಿ-ನಾಗೇಶಿ ಎಂದರೆ ಬರೀ ಹಾಡಲ್ಲ, ಹಾಡಿನ ಜಗಳ. ಶಿವ ಹೆಚ್ಚು, ಗಂಡು ಹೆಚ್ಚು ಎಂದು ಹರದೇಶಿಯವರು ಹಾಡುತ್ತಾರೆ. ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎಂದು ನಾಗೇಶಿಯವರು ತಿರುಗಿ ಹಾಡುತ್ತಾರೆ. ಒಬ್ಬರ ಸವಾಲಿಗೆ ಇನ್ನೊಬ್ಬರು ಜವಾಬು ಕೊಡಬೇಕು. ಒಂದು ಮನೆಯಲ್ಲಿ ಹಾಡಿಗೆ ಬಡಿಯುವ ದಪ್ಪು ಯಾವ ಪಕ್ಷದ್ದೋ ಮನೆಮಂದಿಯೆಲ್ಲ ಅದೇ ಪಕ್ಷ, ಸೊಸೆಯಾಗಿ ಬಂದವಳೂ ಅದೇ ಪಕ್ಷ. ಸಿದ್ದರಾಯನ ಮೇಳದಲ್ಲಿ ಮತ್ತೊಂದು ಕಟ್ಟಳೆ ಇತ್ತು. ಮೇಳದ ಹಿರಿಯ ಮಂದಿಯ ಮುಂದೆ ಹಾಡುಗಾರ ಬಾಯಿಬಿಟ್ಟು ಸೋತೆ ಎಂದರೆ, ಅಲ್ಲಿಗೆ ಅವನ ಹಾಡು ಮುಗಿಯಿತು. ಮತ್ತೆ ದಪ್ಪು ಮುಟ್ಟುವಂತಿಲ್ಲ. ಅದಕ್ಕೇ ಯಾರೂ ಸೋತೆ ಎನ್ನುತ್ತಿರಲಿಲ್ಲ. ಉತ್ತರ ಹೊಳೆಯದಿದ್ದರೆ ಹಾಡಿನ ಧಾಟಿ ತಿರುವಿ ಮುಂದಕ್ಕೆ ಹೋಗುತ್ತಿದ್ದರು.

ಸಿದ್ದರಾಯನೂ ಒಮ್ಮೆ ಹಾಗೆ ಪಾರಾಗಿದ್ದ. ಬಬಲೇಶ್ವರದಲ್ಲಿ ಅವನೆದುರು ನಾಗೇಶಿ ಹಾಡಲು ನಿಂತವಳು ನೀಲಾಬಾಯಿ. ಬೀಜವಿಲ್ಲದೆ ಭೂಮಿ ಏನು ಬೆಳೆದೀತು ಎಂದು ಅವನು ಹಾಡಿದ. ನೀಲಾಬಾಯಿ ಸೆರಗು ಸಿಕ್ಕಿಸಿಕೊಂಡು, ನಿಮ್ಮ ತಿಕೋಟಾದ ಪಡಗಳಲ್ಲಿ ಬೀಜವಿಲ್ಲದ ದ್ರಾಕ್ಷಿ ತೂಗುತ್ತದೆ, ಕಡ್ಡಿ ಚುಚ್ಚಿದರೂ ಮಣ್ಣು ಸಾಕಿ ಬಳ್ಳಿ ಮಾಡುತ್ತದೆ, ಬೀಜದ ಬಡಿವಾರ ಯಾರ ಮುಂದೆ ಎಂದು ಹಾಡಿ ಕೈ ತಿರುವಿದಳು. ಮಂದಿ ಹೋ ಎಂದಿತು. ಸಿದ್ದರಾಯ ಕೆಮ್ಮಿ, ಧಾಟಿ ಬದಲಿಸಿ, ಬೇರೆ ಕಥೆ ಎತ್ತಿದ. ಆಗ ಕಾಲೇಜು ಓದುತ್ತಿದ್ದ ರೇಣುಕಾ ಅಪ್ಪನ ಬೆನ್ನ ಹಿಂದೆ ತಾಳ ಹಾಕುತ್ತಿದ್ದಳು. ಅವನ ಕೆಮ್ಮು ಸುಳ್ಳು ಕೆಮ್ಮು ಎಂದು ಅವಳಿಗೆ ತಿಳಿದಿತ್ತು.

ಮುಂದೆ ಅವಳು ಈ ಹಾಡುಗಳ ಮೇಲೆಯೇ ಪಿಎಚ್.ಡಿ.ಗೆ ಕೂತಳು. ಎರಡೂ ಕಡೆಯವರ ಮನೆ ತಿರುಗಿದಳು, ನೀಲಾಬಾಯಿಯ ಅಂಗಳದಲ್ಲೂ ಕೂತು ಹಾಡು ತುಂಬಿಕೊಂಡಳು. ಐದನೇ ಅಧ್ಯಾಯಕ್ಕೆ ಬಂದಾಗ ಪೆನ್ನು ನಿಂತಿತು. ಬರೆದರೆ ಅಪ್ಪನಿಗೆ ದ್ರೋಹ, ಬಿಟ್ಟರೆ ಓದಿದ ಓದಿಗೆ ದ್ರೋಹ. ಕಡೆಗೆ ಬರೆದಳು: ಬೀಜವಿಲ್ಲದ ದ್ರಾಕ್ಷಿಯ ಆ ಸವಾಲಿಗೆ ಹರದೇಶಿಯಲ್ಲಿ ಜವಾಬಿಲ್ಲ, ಧಾಟಿ ತಿರುವಿ ಪಾರಾಗಿದ್ದಾರೆ, ನಾಗೇಶಿಯ ಮಾತೇ ಗಟ್ಟಿ. ಪ್ರಬಂಧದ ಒಂದು ಪ್ರತಿಯನ್ನು ತಿಕೋಟಾದ ಮನೆಗೆ ಒಯ್ದಾಗ ಅಪ್ಪ ಅದಕ್ಕೆ ಅರಿಶಿಣ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟ. ಆಮೇಲೆ ಒಂದೇ ಪ್ರಶ್ನೆ ಕೇಳಿದ.

“ಯಾರ ಗೆದ್ದಾರವ್ವಾ?”

“ಎರಡೂ ಸಮಸಮ ಅದಾವ, ಯಪ್ಪಾ,” ಎಂದುಬಿಟ್ಟಳು ರೇಣುಕಾ.

ಅವನಿಗೆ ಓದಲು ಬಾರದು ಎಂಬ ಧೈರ್ಯದಲ್ಲಿ ಆಡಿದ ಸುಳ್ಳು ಅದು. ವೈವಾಕ್ಕೆ ಅವನೂ ಬರುತ್ತಾನೆ, ಅಲ್ಲಿ ಅದು ಬಯಲಾಗುತ್ತದೆ ಎಂಬುದೇ ಈಗಿನ ಹೆದರಿಕೆ.

ವೈವಾದ ದಿನ ಮಾಳು ಒಂದು ಕ್ರೂಸರ್ ಗಾಡಿ ತುಂಬ ಮಂದಿಯನ್ನು, ಅಪ್ಪನ ಮೇಳದ ಹಿರಿಯರನ್ನೂ, ಕರೆತಂದ. ಡಾಕ್ಟರಾಗುವವರ ಮನೆಯವರು ಬಂದವರಿಗೆಲ್ಲ ಊಟ ಹಾಕುವುದು ಅಲ್ಲಿನ ರೂಢಿ. ಶೇಂಗಾ ಹೋಳಿಗೆ, ಎಣ್ಣೆಗಾಯಿ, ರೊಟ್ಟಿಯ ಬುಟ್ಟಿಗಳು ತೊರವಿ ದಾಟಿ ವಿಶ್ವವಿದ್ಯಾಲಯದ ಸಭಾಂಗಣ ಮುಟ್ಟಿದವು. ಸಿದ್ದರಾಯ ಹೊಸ ರುಮಾಲು ಸುತ್ತಿ ಎರಡನೇ ಸಾಲಿನಲ್ಲಿ ಕೂತ. ಮಾರ್ಗದರ್ಶಕಿ ವಿದ್ಯಾವತಿ ಮೇಡಂ ಪ್ರಬಂಧಕ್ಕಾಗಿ ಹಾಡಿದವರಿಗೆಲ್ಲ ಕರೆ ಕಳಿಸಿದ್ದರು. ಹೀಗಾಗಿ ನೀಲಾಬಾಯಿಯೂ ತನ್ನ ಮೇಳದೊಡನೆ ಬಂದು ಮುಂದಿನ ಸಾಲು ಹಿಡಿದಿದ್ದಳು.

ರೇಣುಕಾ ಎದ್ದು ನಿಂತಾಗ ಅಪ್ಪನ ರುಮಾಲು ಬಿಟ್ಟು ಬೇರೇನೂ ಕಾಣಲಿಲ್ಲ. ಕೇಳಿದ ಮೊದಲ ಪ್ರಶ್ನೆಗಳಿಗೆ ಹೇಗೋ ಉತ್ತರಿಸಿದಳು. ಆಮೇಲೆ ಧಾರವಾಡದ ಕಡೆಯಿಂದ ಬಂದಿದ್ದ ವಯಸ್ಸಾದ ಪರೀಕ್ಷಕರು ಕನ್ನಡಕ ತೆಗೆದು, ಈ ವಾದದಲ್ಲಿ ಕಡೆಗೆ ಯಾರ ಮಾತು ನಿಲ್ಲುತ್ತದೆ ಎಂದು ನೇರವಾಗಿ ಕೇಳಿದರು. ಅವಳ ಬಾಯಿಂದ ಬಂದದ್ದು ಅದೇ ಸುಳ್ಳು, ಎರಡೂ ಸಮಸಮ ಎಂದು.

ಪರೀಕ್ಷಕರು ಹಾಳೆ ತಿರುವಿದರು. “ಐದನೇ ಅಧ್ಯಾಯದಾಗ ಹರದೇಶಿ ಕಡೆ ಜವಾಬಿಲ್ಲ ಅಂತ ಬರದೀರಿ. ಈಗ ಸಮಸಮ ಅಂತೀರಿ. ನಿಮ್ಮ ಪ್ರಬಂಧ ನಂಬಲೋ, ನಿಮ್ಮನ್ನ ನಂಬಲೋ?”

ಹತ್ತು ವರ್ಷ ಬೆಂಚುಗಳ ನಡುವೆ ಪಟಪಟ ಮಾತಾಡಿದವಳಿಗೆ ಒಂದು ಅಕ್ಷರ ಹೊರಡಲಿಲ್ಲ. ಇದನ್ನು ನೀವೇ ಬರೆದಿದ್ದೀರೋ ಇಲ್ಲವೋ ಎಂದು ಅವರು ಮತ್ತೆ ಕೇಳಿದರು. ವಿದ್ಯಾವತಿ ಮೇಡಂ ತಲೆ ತಗ್ಗಿಸಿದರು. ಪದವಿ ಕೈಜಾರುತ್ತಿರುವುದು ಸಭೆಗೆಲ್ಲ ಕಾಣುತ್ತಿತ್ತು.

ಆಗ ಸಿದ್ದರಾಯ ಎದ್ದ. ಸಭಿಕರು ಕಡೆಯಲ್ಲಿ ಮಾತಾಡಬೇಕು, ಈಗ ಕೂರಿ ಎಂದು ಯಾರೋ ಅಂದರು. ಸಾವಿರ ಮಂದಿಯ ಗದ್ದಲದ ಮೇಲೆ ಹಾಡಿದ ಗಂಟಲಿಗೆ ಅದೆಲ್ಲ ಯಾವ ಲೆಕ್ಕ?

“ಸಾಹೇಬ್ರ, ಆ ಸವಾಲಿಗೆ ನನ್ನ ಕಡೆ ಜವಾಬ ಇರಲಿಲ್ರಿ. ಧಾಟಿ ತಿರುವಿ ಪಾರಾಗಿದ್ನಿ. ಆಕಿ ಬರದದ್ದು ಖರೇ ಐತಿ. ನಾ ಸೋತೇನಿ.”

ಅಲ್ಲಿಗೆ ಅವನ ಹಾಡು ಮುಗಿಯಿತೆಂದು ಎರಡೂ ಮೇಳದವರಿಗೆ ಗೊತ್ತಾಯಿತು. ಪರೀಕ್ಷಕರಿಗೆ ಆ ಒಂದು ಮಾತಿನ ತೂಕ ತಿಳಿಯಲಿಲ್ಲ. ಅವರು ಒಳ್ಳೆಯದು ಎಂದು ತಲೆಯಾಡಿಸಿದರು. ತಿಳಿದವರೆಲ್ಲ ನೆಲ ನೋಡಿದರು. ರೇಣುಕಾಳ ಕಣ್ಣಲ್ಲಿ ನೀರು ತುಂಬಿತು. ಅದನ್ನು ಒರೆಸಿಕೊಳ್ಳದೆಯೇ ಅವಳು ಐದನೇ ಅಧ್ಯಾಯವನ್ನು ಮೊದಲಿನಿಂದ ಹೇಳತೊಡಗಿದಳು. ನೀಲಾಬಾಯಿಯ ಸವಾಲು ಏನು, ಅದರ ಎದುರು ಅಪ್ಪ ಎಲ್ಲಿ ಎಡವಿದ, ಏಕೆ ಎಡವಿದ, ಎಲ್ಲವನ್ನೂ ಬಿಡಿಸಿಟ್ಟಳು. ಇಷ್ಟು ಚೆನ್ನಾಗಿ ಅವಳು ಎಂದೂ ಪಾಠ ಹೇಳಿರಲಿಲ್ಲ.

ಪದವಿ ಕೊಡಬಹುದೆಂದು ಪರೀಕ್ಷಕರು ಸಾರಿದರು, ಚಪ್ಪಾಳೆ ಬಿತ್ತು, ಹೋಳಿಗೆ ಬಡಿಸಿದರು. ನೀಲಾಬಾಯಿ ತುತ್ತು ಮುಟ್ಟಲಿಲ್ಲ. ಕೈ ತೊಳೆಯಲು ಬಂದ ರೇಣುಕಾಳನ್ನು ತಡೆದು, “ನಿಮ್ಮಪ್ಪನ್ನ ನಾ ಹಾಡಿ ಸೋಲಿಸಬೇಕಂತ ಇಷ್ಟು ವರ್ಷ ಕಾದಿದ್ನಿ. ನೀ ಓದಿ ಸೋಲಿಸಿದಿ. ಇನ್ನ ನಾ ಯಾರ ಎದುರು ನಿಂತು ಹಾಡಲಿ?” ಎಂದಳು. ರೇಣುಕಾ ಅವಳ ಕೈ ಹಿಡಿದುಕೊಂಡಳು.

ತಿಕೋಟಾಕ್ಕೆ ತಿರುಗಿ ಹೋಗುವಾಗ ರೇಣುಕಾ ಕ್ರೂಸರಿನಲ್ಲಿ ಅಪ್ಪನ ಪಕ್ಕ ಕೂತಳು. ಹಾಡಿಲ್ಲದೆ ಗಾಡಿಯಲ್ಲಿ ಕೂರದ ಮೇಳ ಅಂದು ತುಟಿ ಹೊಲಿದುಕೊಂಡಿತ್ತು. ಅವಳಿಗೆ ತಡೆಯಲಾಗಲಿಲ್ಲ. “ಯಪ್ಪಾ, ನನ್ನ ನೌಕರಿ ಉಳೀಲಿ ಅಂತ ಹಂಗಂದ್ಯಾ?” ಎಂದು ಕೇಳಿದಳು.

ಸಿದ್ದರಾಯ ಹೊರಗೆ ನೋಡುತ್ತಲೇ ಹೇಳಿದ. ಈ ಸಲ ದ್ರಾಕ್ಷಿ ಒಣಹಾಕಿದ ದಿನಗಳಲ್ಲಿ ಮಧ್ಯಾಹ್ನ ಶೆಡ್ಡಿನ ನೆರಳಲ್ಲಿ ಕೂತು ಮಾಳುವಿನಿಂದ ಅವಳ ಪ್ರಬಂಧವನ್ನು ಪೂರಾ ಓದಿಸಿ ಕೇಳಿದ್ದನಂತೆ, ಐದನೇ ಅಧ್ಯಾಯವನ್ನು ಎರಡು ಸಲ. ಸಮಸಮ ಎಂದವಳ ಸುಳ್ಳು ಅವನಿಗೆ ಆಗಲೇ ಗೊತ್ತಾಗಿತ್ತು. ಆದರೂ ರುಮಾಲು ಸುತ್ತಿ ವೈವಾಕ್ಕೆ ಬಂದಿದ್ದ, ಮಗಳು ಮಂದಿಯ ಮುಂದೆ ಏನು ಹೇಳುತ್ತಾಳೆಂದು ಕೇಳಲು.

“ಖರೇ ಬರದಿ, ಅದಕ್ಕೂ ಸಿಟ್ಟೈತಿ. ಬರದದ್ದನ್ನ ನನ್ನ ಸಲುವಾಗಿ ಸುಳ್ಳ ಮಾಡಾಕ ಹೋದಿ, ಅದಕ್ಕ ಹೆಚ್ಚಿಗಿ ಸಿಟ್ಟೈತಿ,” ಎಂದ.

ತಿಕೋಟಾ ಬಂತು. ಸಿದ್ದರಾಯ ಇಳಿದು ಹಿಂದೆ ನೋಡದೆ ಮನೆಯೊಳಗೆ ಹೋದ. ಮಗಳನ್ನು ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಒಳಗೆ ಹೋಗಬೇಕೋ ವಿಜಯಪುರದ ಬಸ್ಸು ಹಿಡಿಯಬೇಕೋ ತಿಳಿಯದೆ ಡಾಕ್ಟರ್ ರೇಣುಕಾ ಅಂಗಳದಲ್ಲಿ ನಿಂತಿದ್ದಳು.