ಜೆರ್ಟ್ರೂಡ್ ಟೀಚರ ‘ಎಂತ ಬೇಕಿತ್ತು’

ಕನ್ನಡವನ್ನು ತಪ್ಪಾಗಿ ಆಡಿದವರನ್ನು ನಾನು ಸುಮ್ಮನೆ ಬಿಟ್ಟವನಲ್ಲ. ಕಾಪುವಿನ ಹತ್ತಿರದ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ನಮ್ಮ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವವರು. ಕನ್ನಡ ಅವರಿಗೆ ಇಸ್ತ್ರಿ ಹಾಕಿದ ಅಂಗಿ. ಶಾಲೆಗೆ ಬರುವಾಗ ತೊಟ್ಟು ಹೋಗುವಾಗ ಕಳಚಿಡುವಂಥದ್ದು. ನಾನೂ ಕುಕ್ಕುಂದೂರಿನ ತುಳು ಮನೆಯವನೇ. ಅದಕ್ಕೇ ಇರಬೇಕು, ಆ ಅಂಗಿಯಲ್ಲಿ ಒಂದು ಸುಕ್ಕು ಕಂಡರೂ ನನಗೆ ಮೈ ಉರಿಯುತ್ತದೆ. ಹೀಗಿರುವ ನನ್ನ ಕಣ್ಣೆದುರಿಗೆ ಐದು ವರ್ಷಗಳ ಹಿಂದೆ ಜೆರ್ಟ್ರೂಡ್ ಟೀಚರ್ ಬಂದರು.

ಆ ವರ್ಷ ನಮ್ಮ ಶಾಲೆಗೆ ‘ರಿಟೇಲ್’ ಎಂಬ ಹೊಸ ವಿಷಯ ಬಂದಿತ್ತು. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ಮೂರನೆಯ ಭಾಷೆಯ ಬದಲಿಗೆ ಅಂಗಡಿಯ ಕೆಲಸ, ಮಾರಾಟ, ಮಾರ್ಕೆಟಿಂಗ್ ಕಲಿಯಬಹುದು. “ಮಾರುವುದನ್ನು ಕಲಿಯಲಿಕ್ಕೂ ಶಾಲೆ ಬೇಕಾ ಮಾರಾಯ್ರೆ?” ಎಂದು ಸ್ಟಾಫ್ ರೂಮಿನಲ್ಲಿ ಮೊದಲು ಕೇಳಿದವನು ನಾನೇ. ‘ಓದಲಿಕ್ಕೆ ಆಗದವರ ತರಗತಿ’ ಎಂದು ಅದಕ್ಕೆ ಹೆಸರಿಟ್ಟವನೂ ನಾನೇ. ಆ ತರಗತಿಯ ಗುತ್ತಿಗೆ ಶಿಕ್ಷಕಿಯಾಗಿ ಸಂತೆಕಟ್ಟೆಯಿಂದ ಎರಡು ಬಸ್ಸು ಬದಲಿಸಿ ಬಂದ ಹೆಂಗಸು, ಮೊದಲ ದಿನವೇ ಕಂಕುಳಲ್ಲಿ ಒಂದು ಮರದ ಸ್ಟೂಲು ಇಟ್ಟುಕೊಂಡು ಗೇಟು ದಾಟಿದರು.

“ಶಾಲೆಯಲ್ಲಿ ಕುರ್ಚಿ ಉಂಟು ಟೀಚರೇ,” ಎಂದೆ, ತಮಾಷೆಗೆ.

“ಇರಬಹುದು ಮಾಸ್ಟ್ರೇ. ಇದು ನನ್ನದು,” ಎಂದರು.

ಆ ಸ್ಟೂಲಿನ ಕತೆ ತಿಳಿದದ್ದು ಆಮೇಲೆ. ಅವರು ಉಡುಪಿಯ ಒಂದು ಬಟ್ಟೆ ಅಂಗಡಿಯಲ್ಲಿ ಇಪ್ಪತ್ತನಾಲ್ಕು ವರ್ಷ ಸೀರೆ ಬಿಡಿಸಿ ತೋರಿಸಿದವರು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ನಿಂತೇ ಇರಬೇಕು. ಗಿರಾಕಿ ಇಲ್ಲದಿದ್ದರೂ ಕೂರುವ ಹಾಗಿಲ್ಲ. ಕೂತರೆ ಸೋಮಾರಿಗಳ ಹಾಗೆ ಕಾಣುತ್ತದಂತೆ. ಕಾಲಿನ ನರಗಳು ಹಗ್ಗದಂತೆ ಉಬ್ಬಿದ ಮೇಲೆ ಜೆರ್ಟ್ರೂಡ್ ಒಂದು ದಿನ ಮನೆಯಿಂದ ಸ್ಟೂಲು ತಂದು ಕೌಂಟರಿನ ಹಿಂದೆ ಹಾಕಿ ಕೂತರು. ಯಜಮಾನ ಎಬ್ಬಿಸಿದ. ಇವರು ಏಳಲಿಲ್ಲ. ಗಿರಾಕಿ ಬಂದಾಗ ಎದ್ದರು, ಸೀರೆ ಮಾರಿದರು, ಮತ್ತೆ ಕೂತರು. ತಿಂಗಳ ಕೊನೆಗೆ ಕೆಲಸ ಹೋಯಿತು. ಅಂಗಡಿಯಲ್ಲಿದ್ದಾಗಲೇ ಅಂಚೆಯ ಮೂಲಕ ಬಿ.ಕಾಂ. ಮುಗಿಸಿದ್ದರು, ಅದನ್ನು ಹಿಡಿದುಕೊಂಡು ತರಬೇತಿ ಪಡೆದು ನಮ್ಮಲ್ಲಿಗೆ ಬಂದರು. ಸ್ಟೂಲನ್ನು ಬಿಟ್ಟು ಬರಲಿಲ್ಲ.

ತರಗತಿಯ ಒಂದು ಮೂಲೆಯಲ್ಲಿ ಬೆಂಚು ಅಡ್ಡ ಇಟ್ಟು ಕೌಂಟರು ಮಾಡಿದರು. ಖಾಲಿ ಸೋಪಿನ ಪೆಟ್ಟಿಗೆ, ಬಿಸ್ಕತ್ತಿನ ಡಬ್ಬ, ಹಳೆಯ ಸೀರೆ ಜೋಡಿಸಿ ಅಂಗಡಿ ಮಾಡಿದರು. ಒಂದು ಮಗು ಒಳಗೆ, ಒಂದು ಹೊರಗೆ. ಮೊದಲ ಪಾಠ ಒಂದೇ ವಾಕ್ಯ. ಗಿರಾಕಿ ಬಂದ ಕೂಡಲೇ ಎದ್ದು, ಮುಖ ನೋಡಿ, “ಎಂತ ಬೇಕಿತ್ತು?” ಎನ್ನಬೇಕು. ಪಕ್ಕದ ಕೋಣೆಯಲ್ಲಿ ನಾನು ಕ್ರಿಯಾಪದಗಳ ಕಾಲ ಕಲಿಸುತ್ತಿದ್ದೆ. ಗೋಡೆಯಾಚೆಯಿಂದ ಇಪ್ಪತ್ತು ಗಂಟಲುಗಳಲ್ಲಿ ಬೇಕಿತ್ತು, ಬೇಕಿತ್ತು, ಬೇಕಿತ್ತು. ನನಗೆ ತಡೆಯಲಾಗಲಿಲ್ಲ. ನೇರವಾಗಿ ಹೋಗಿ ಹೇಳಿದೆ: “ಟೀಚರೇ, ಗಿರಾಕಿ ಈಗ ಎದುರು ನಿಂತಿದ್ದಾನೆ. ಅವನಿಗೆ ಈಗ ಬೇಕು. ‘ಬೇಕಿತ್ತು’ ಭೂತಕಾಲ. ಮಕ್ಕಳ ವ್ಯಾಕರಣ ಹಾಳು ಮಾಡಬೇಡಿ.”

ಅವರು ಸ್ಟೂಲಿನಿಂದ ಏಳಲಿಲ್ಲ. “ಬೇಕು ಎನ್ನುವುದು ಅವರು ಮನೆಯಿಂದಲೇ ತಂದದ್ದು ಮಾಸ್ಟ್ರೇ. ನಮ್ಮ ಅಂಗಡಿ ನೋಡಿ ಹುಟ್ಟಿದ್ದಲ್ಲ. ‘ಎಂತ ಬೇಕು’ ಅಂದರೆ ಬೇಗ ಹೇಳಿ ಹೊರಡು ಅಂದ ಹಾಗೆ. ‘ಬೇಕಿತ್ತು’ ಅಂದರೆ, ನೀವು ಯೋಚನೆ ಮಾಡಿ ಬಂದಿದ್ದೀರಿ, ನಾನು ಕೇಳ್ತೇನೆ, ಹೇಳಿ ಅಂತ.”

ಗುತ್ತಿಗೆಯ ಶಿಕ್ಷಕಿಯೊಬ್ಬರು ನನಗೆ ಕನ್ನಡ ಹೇಳಿಕೊಡುವುದೇ! ಅದೇ ದಿನ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದೆ. ‘ವರ್ತಮಾನದ ಅಗತ್ಯಕ್ಕೆ ಭೂತಕಾಲದ ರೂಪ ಬಳಸುವುದನ್ನು ಕಲಿಸಿ ವಿದ್ಯಾರ್ಥಿಗಳ ಭಾಷೆಯನ್ನು ಕೆಡಿಸಲಾಗುತ್ತಿದೆ’ ಎಂದು ಸಹಿ ಹಾಕಿ ಕೊಟ್ಟೆ. ಪತ್ರ ಫೈಲು ಸೇರಿತು. ಸುದ್ದಿ ಅವರ ಕಿವಿಗೂ ಬಿತ್ತು. ಅಂದಿನಿಂದ ನಾನು ಚಾಕ್‌ಪೀಸಿಗೆ ಅವರ ಕೋಣೆಗೆ ಹೋದರೂ, ಪ್ರತಿ ಅಕ್ಷರ ಒತ್ತಿ, “ಎಂತ ಬೇಕಿತ್ತು, ಮಾಸ್ಟ್ರೇ?” ಎನ್ನುತ್ತಿದ್ದರು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ನನ್ನ ಮಗಳು ಧೃತಿ ಇದೇ ಶಾಲೆಯಲ್ಲಿ ಓದುವವಳು. ಹೋದ ವರ್ಷ ಎಂಟನೆಯಲ್ಲಿದ್ದಾಗ ಒಮ್ಮೆ, “ಅಪ್ಪಾ, ಮುಂದಿನ ವರ್ಷ ನಾನು ರಿಟೇಲ್ ತೆಗೊಳ್ಳಲಾ?” ಎಂದು ಕೇಳಿದಳು. “ಕನ್ನಡ ಮಾಸ್ಟ್ರ ಮಗಳು ಸೋಪು ಮಾರಲಿಕ್ಕೆ ಕಲಿಯುವುದಾ?” ಎಂದೆ. ಅವಳು ಮತ್ತೆ ಕೇಳಲಿಲ್ಲ.

ಅದಕ್ಕೆ ಒಂದು ವರ್ಷ ಮೊದಲು ಟೀಚರ ಒಂಬತ್ತನೆಯ ತರಗತಿಗೆ ಹರ್ಷಿಣಿ ಸೇರಿದ್ದಳು. ಅಮ್ಮ ಏನು ಕೆಲಸ ಎಂದು ಕೇಳಿದರೆ “ಮನೆಯಲ್ಲಿ” ಎನ್ನುತ್ತಿದ್ದಳು. ಅವಳಮ್ಮ ಸರಸ ಕಾಪು ಪೇಟೆಯಲ್ಲಿ ಮೀನು ಮಾರುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು. ಜೆರ್ಟ್ರೂಡ್ ಟೀಚರ್ ಹುಡುಗಿಯನ್ನು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಒಂದು ಶನಿವಾರ ಸರಸಕ್ಕನನ್ನೇ ಅತಿಥಿ ಉಪನ್ಯಾಸಕ್ಕೆ ಕರೆದು ಬೋರ್ಡಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆದರು. ಮೀನಿನ ಬುಟ್ಟಿ ಶಾಲೆಯೊಳಗೆ ಬಂದದ್ದು ನೋಡಿ ಮುಖ್ಯೋಪಾಧ್ಯಾಯರು ಓಡಿಬಂದರು. “ವಾಸನೆ ಬರ್ತದೆ ಟೀಚರ್!” “ಬರಲಿ ಸರ್. ವಾಸನೆ ನೋಡಿಯೇ ಕಲಿಯುವ ಪಾಠ ಇದು,” ಎಂದು ಟೀಚರ್ ಬಾಗಿಲು ಹಾಕಿಕೊಂಡರು.

ನಾನು ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡೆ. ಒಪ್ಪಿಕೊಳ್ಳುತ್ತೇನೆ, ತಪ್ಪು ಹಿಡಿಯಲಿಕ್ಕೆಂದೇ ನಿಂತಿದ್ದೆ. ಸರಸಕ್ಕ ಬಂಗುಡೆಯ ಕಿವಿರು ಬಿಡಿಸಿ ತೋರಿಸಿ ಹೇಳಿದರು: “ನಿನ್ನೆಯ ಮೀನನ್ನು ಇವತ್ತಿನದ್ದು ಅಂತ ಒಬ್ಬರಿಗೆ ಒಂದು ಸಲ ಕೊಡ್ಲಿಕ್ಕೆ ಆಗ್ತದೆ. ಎರಡನೇ ಸಲ ಕೊಡ್ಲಿಕ್ಕೆ ಅವರು ಬರಬೇಕಲ್ಲ? ನಿನ್ನೆಯದ್ದಾದ್ರೆ ನಿನ್ನೆಯದ್ದು ಅಂತ ಹೇಳಿ. ತೆಗೊಳ್ಳುವವರು ತೆಗೊಳ್ತಾರೆ.” ಮಕ್ಕಳು ನೋಟು ಪುಸ್ತಕದಲ್ಲಿ ಬರೆದುಕೊಂಡರು. ಹರ್ಷಿಣಿ ಮೊದಲು ತಲೆ ತಗ್ಗಿಸಿ ಕೂತಿದ್ದವಳು, ಕೊನೆಗೆ ಎದ್ದು ಬುಟ್ಟಿಗೆ ಕೈ ಕೊಟ್ಟು ಅಮ್ಮನ ಜೊತೆ ಗೇಟಿನವರೆಗೆ ಹೋದಳು.

ಈ ಮಕ್ಕಳು ಹತ್ತನೆಯಲ್ಲಿದ್ದಾಗ ಮೇಲಿನಿಂದ ಒಂದು ಕಾಗದ ಬಂತು. ಈ ಸಲದ ಪ್ರಾಯೋಗಿಕ ಪರೀಕ್ಷೆ ನಡೆಸಲು ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ತರಗತಿಯ ಅರ್ಧಕ್ಕಿಂತ ಕಡಿಮೆ ಮಕ್ಕಳು ತೇರ್ಗಡೆಯಾದರೆ ಮುಂದಿನ ವರ್ಷದಿಂದ ವಿಷಯ ರದ್ದು, ಶಿಕ್ಷಕಿಯ ಗುತ್ತಿಗೆಯೂ ರದ್ದು. ಸ್ಟಾಫ್ ರೂಮಿನಲ್ಲಿ ಅದನ್ನು ಓದಿದಾಗ ಎಲ್ಲರೂ ನನ್ನ ಮುಖ ನೋಡಿದರು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಪರೀಕ್ಷೆಯ ದಿನ ಬಂದವನು ಅಖಿಲ್ ಎಂಬ ಯುವಕ. ಉಡುಪಿಯವನೇ, ಮಣಿಪಾಲದಲ್ಲಿ ಎಂಬಿಎ ಓದಿದವನು. ಮಾರ್ಚಿನ ಬಿಸಿಲಿಗೆ ಬೆವರಿ ಮುದ್ದೆಯಾಗಿದ್ದ. ತರಗತಿಯ ಬಾಗಿಲಲ್ಲೇ ನಿಂತು, “ಮೇಡಂ, ಸ್ವಲ್ಪ ನೀರು ಬೇಕಿತ್ತು,” ಎಂದ. ಹರ್ಷಿಣಿ ತಂದುಕೊಟ್ಟಳು. ಕುಡಿದು, ಅಚ್ಚಾದ ಒಂದು ಹಾಳೆ ತೆಗೆದ. ಗಿರಾಕಿಯನ್ನು ಸ್ವಾಗತಿಸುವುದು ಮೊದಲ ಹಂತ. ಹೇಳಬೇಕಾದ ಮಾತು ಹಾಳೆಯಲ್ಲೇ ಇತ್ತು: ‘ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?’ ಆ ಹಂತದಲ್ಲಿ ಸೊನ್ನೆ ಬಂದರೆ ಮುಂದಿನದ್ದನ್ನು ನೋಡುವುದೇ ಇಲ್ಲವಂತೆ. ಮೇಲ್ವಿಚಾರಣೆಗೆ ನನ್ನನ್ನೂ ಹಾಕಿದ್ದರಿಂದ ಹಾಳೆ ನೋಡಿದೆ. ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಕಾಪುವಿನಿಂದ ಕಾರ್ಕಳದವರೆಗೆ ಯಾವ ಅಂಗಡಿಯಲ್ಲೂ ಯಾವ ನರಪ್ರಾಣಿಯೂ ಆಡದ ವಾಕ್ಯ ಅದು.

ಹರ್ಷಿಣಿ ಸ್ಟೂಲಿನಿಂದ ಎದ್ದಳು. “ನಮಸ್ಕಾರ ಸರ್. ಎಂತ ಬೇಕಿತ್ತು?”

ಅಖಿಲ್ ಸೊನ್ನೆ ಬರೆದ. ಮುಂದಿನವನು ಲಕ್ಷಿತ್, ಸೊನ್ನೆ ಬಿದ್ದದ್ದನ್ನು ಕಣ್ಣಾರೆ ಕಂಡವನು. ಅವನೂ, “ನಮಸ್ಕಾರ ಸರ್. ಎಂತ ಬೇಕಿತ್ತು?” ಎಂದ. ಮತ್ತೊಂದು ಸೊನ್ನೆ. ಮೂರನೆಯವಳಿಗೂ ಅದೇ.

ಜೆರ್ಟ್ರೂಡ್ ಟೀಚರ್ ಎದ್ದು ಬಂದರು. “ಮಕ್ಕಳೇ, ನಿಮಗೆ ಎರಡೂ ಕಲಿಸಿದ್ದೇನೆ. ಈಗ ಅವರಿಗೆ ಬೇಕಾದ್ದನ್ನು ಹೇಳಿ, ಸಾಕು. ಗಿರಾಕಿ ಅವರಲ್ವಾ?”

“ಅವರು ಗಿರಾಕಿ ಅಲ್ಲ ಟೀಚರ್,” ಎಂದಳು ಹರ್ಷಿಣಿ. “ನಮಗೆ ಬೇಡದ್ದನ್ನು ಮಾರ್ಲಿಕ್ಕೆ ಬಂದವರು.”

ಅಷ್ಟರಲ್ಲಿ ಸೊನ್ನೆಗಳ ಸುದ್ದಿ ಮುಖ್ಯೋಪಾಧ್ಯಾಯರಿಗೆ ಮುಟ್ಟಿತ್ತು. ಗಲಾಟೆ ಬೇಡವೆಂದು ಅವರು ಫೈಲನ್ನೇ ಹಿಡಿದುಕೊಂಡು ಬಂದರು. ಅದರಿಂದ ನನ್ನ ಹಳೆಯ ಪತ್ರ ತೆಗೆದು ಅಖಿಲನ ಕೈಗಿತ್ತರು. ಅವನ ಮುಖ ಅರಳಿತು. “ನೋಡಿ ಮೇಡಂ, ನಿಮ್ಮ ಶಾಲೆಯ ಕನ್ನಡ ಮಾಸ್ಟ್ರೇ ತಪ್ಪು ಅಂತ ಬರೆದು ಕೊಟ್ಟಿದ್ದಾರೆ. ಇವರೇ ಅಲ್ವಾ?”

ಇಪ್ಪತ್ತೆರಡು ಮಕ್ಕಳು ನನ್ನತ್ತ ತಿರುಗಿದರು. ಜೆರ್ಟ್ರೂಡ್ ಟೀಚರ್ ಮಾತ್ರ ನೋಡಲಿಲ್ಲ. ಸ್ಟೂಲಿನ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದರು. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಹೇಳಬೇಕೇ? ಆ ಪತ್ರ ಬರೆದವನ ಮೇಲೆ.

“ಪತ್ರ ನನ್ನದೇ. ಅದರಲ್ಲಿರುವ ತಪ್ಪೂ ನನ್ನದೇ,” ಎಂದೆ. “ಅಖಿಲ್, ನೀವು ಬಂದ ಕೂಡಲೇ ನೀರು ಕೇಳಿದ್ರಿ. ಹೇಗೆ ಕೇಳಿದ್ರಿ, ನೆನಪುಂಟಾ?”

ಲಕ್ಷಿತ್ ಬೆಂಚಿನಿಂದಲೇ, “‘ಸ್ವಲ್ಪ ನೀರು ಬೇಕಿತ್ತು’ ಅಂತ ಸರ್!” ಎಂದ.

“ಆಗ ನಿಮ್ಮ ಬಾಯಾರಿಕೆ ಮುಗಿದು ಹೋಗಿತ್ತಾ?”

ಮಕ್ಕಳು ಹೋ ಎಂದು ನಕ್ಕರು. ನಾನು ನಗಲಿಲ್ಲ. “ಮುಗಿದಿರಲಿಲ್ಲ. ‘ನೀರು ಬೇಕು’ ಅಂದರೆ ಒರಟಾಗ್ತದೆ ಅಂತ ನಿಮ್ಮ ನಾಲಿಗೆಗೆ ಗೊತ್ತಿತ್ತು. ಮುಖ್ಯೋಪಾಧ್ಯಾಯರ ಹತ್ರ ‘ಒಂದು ದಿನ ರಜೆ ಬೇಕಿತ್ತು ಸರ್’ ಅಂತ ಮೊನ್ನೆ ನಾನೂ ಕೇಳಿದ್ದೇನೆ. ಇದು ಕಾಲ ಅಲ್ಲ, ಮರ್ಯಾದೆ. ನನ್ನ ಪುಸ್ತಕದಲ್ಲಿ ಇರಲಿಲ್ಲ, ಇವರಿಗೆ ಗೊತ್ತಿತ್ತು.”

“ಆದರೆ ಸರ್, ಹಾಳೆಯಲ್ಲಿ ಹಾಗೆ ಬರೆದಿಲ್ವಲ್ಲ…”

“ಹಾಗಾದರೆ ಬರೆಯಿರಿ. ನಾನೂ ಬರೆಯುತ್ತೇನೆ.” ಅವನ ಕೈಯಿಂದ ಪತ್ರ ಕಿತ್ತುಕೊಂಡು, ಅದರ ಬೆನ್ನಿಗೇ ‘ಈ ಪತ್ರದ ದೂರನ್ನು ಹಿಂದೆಗೆದುಕೊಂಡಿದ್ದೇನೆ. ಮಕ್ಕಳು ಆಡಿದ ಕನ್ನಡ ಸರಿಯಾಗಿದೆ’ ಎಂದು ಬರೆದು ಸಹಿ ಹಾಕಿದೆ. “ಇದನ್ನು ನಿಮ್ಮ ಹಾಳೆಯ ಜೊತೆ ಪಿನ್ನು ಮಾಡಿ ಕಳಿಸಿ. ಇಲ್ಲದಿದ್ದರೆ ನಾನೇ ಕಳಿಸ್ತೇನೆ.”

ಅಖಿಲ್ ಆ ಕಾಗದ ಓದಿದ. ಕೆಟ್ಟವನಲ್ಲ ಹುಡುಗ. ಮೂರು ಸೊನ್ನೆಗಳನ್ನು ಗೀಟು ಹಾಕಿ ಹೊಡೆದು, “ಮೊದಲಿನಿಂದ ಶುರು ಮಾಡುವ,” ಎಂದು ಕೌಂಟರಿನ ಎದುರು ಹೋಗಿ ನಿಂತ. ಹರ್ಷಿಣಿ ಎದ್ದು ಮತ್ತೆ ಕೇಳಿದಳು. ಅವನು ಮೆಲ್ಲಗೆ, “ಅಮ್ಮನಿಗೆ ಒಂದು ಸೀರೆ ಬೇಕಿತ್ತು,” ಎಂದ.

ಹದಿನೇಳು ಮಕ್ಕಳು ತೇರ್ಗಡೆಯಾದರು. ಐವರು ಬಿಲ್ಲು ಬರೆಯುವಲ್ಲಿ ಎಡವಿದರು. ಅವರನ್ನು ಜೆರ್ಟ್ರೂಡ್ ಟೀಚರ್ ಮರುಪರೀಕ್ಷೆಗೆ ಹಿಡಿದು ಕೂರಿಸಿದ್ದಾರೆ. ತರಗತಿ ಉಳಿಯಿತು, ಗುತ್ತಿಗೆ ಮುಂದುವರಿಯಿತು. ನನಗೆ ಅವರು ಥ್ಯಾಂಕ್ಸ್ ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ, ನಾನೇ ಹೊತ್ತಿಸಿದ ಬೆಂಕಿಗೆ ನಾನೇ ನೀರು ಹಾಕಿದ್ದು.

ಜೂನ್ ತಿಂಗಳ ಮೊದಲ ವಾರ ಅವರ ಕೋಣೆಗೆ ಹೋದೆ. ಧೃತಿ ಈಗ ಒಂಬತ್ತನೆಯಲ್ಲಿದ್ದಾಳೆ. ಟೀಚರ್ ಸ್ಟೂಲಿನ ಮೇಲೆ ಕೂತು ಹೊಸ ಮಕ್ಕಳ ಹೆಸರು ಬರೆಯುತ್ತಿದ್ದರು. ನನ್ನನ್ನು ಕಂಡು ಎದ್ದರು. ಇಷ್ಟು ವರ್ಷಗಳಲ್ಲಿ ನನಗಾಗಿ ಅವರು ಎದ್ದದ್ದು ಅದೇ ಮೊದಲು.

“ಎಂತ ಬೇಕಿತ್ತು, ಮಾಸ್ಟ್ರೇ?” ಈ ಸಲ ಅಕ್ಷರಗಳನ್ನು ಒತ್ತಲಿಲ್ಲ.

“ಮಗಳಿಗೆ ಒಂದು ಸೀಟು ಬೇಕಿತ್ತು.”

ಅವರು ಪಟ್ಟಿಯನ್ನು ನನ್ನ ಕಡೆಗೆ ತಿರುಗಿಸಿದರು. ಮೊಟ್ಟಮೊದಲ ಸಾಲಿನಲ್ಲಿ ಧೃತಿಯ ಹೆಸರಿತ್ತು, ಪಕ್ಕದಲ್ಲಿ ಪೋಷಕರ ಸಹಿಗೆ ಖಾಲಿ ಜಾಗ.

“ಅವಳಿಗೆ ಹೋದ ವರ್ಷದಿಂದಲೇ ಬೇಕಿತ್ತು,” ಎಂದು ಪೆನ್ನು ನನ್ನ ಕೈಗೆ ಕೊಟ್ಟರು.